ಕೇಳಿಕೊಂಡು ಬನ್ನಿ, ತಿಪ್ಪಯ್ಯನವರೇ

ನನ್ನ ಹೆಸರು ತಿಪ್ಪಯ್ಯ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಮುಂದೆ ಅವಕಾಶ ಕಡಿಮೆ. ಹುಟ್ಟಿದ ಕೂಡಲೇ ನನ್ನನ್ನು ಮೊರದಲ್ಲಿಟ್ಟು, ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, "ಕಸ ಸಿಕ್ತು, ಕಸ" ಎನ್ನುತ್ತಾ ಎತ್ತಿಕೊಂಡು ಬಂದರಂತೆ. ಅಂದಿನಿಂದ ಆ ಮಾತಿಗೆ ಒಂದು ದಿನವೂ ಮೋಸ ಮಾಡಿಲ್ಲ ಎಂದು ಅಪ್ಪ ಇದ್ದಷ್ಟು ಕಾಲವೂ ನನ್ನನ್ನು ಹೊಗಳುತ್ತಿದ್ದ. ಶಾಲೆಯಲ್ಲಿ ನಾನು ತಿಪ್ಪೆ, ಬೂದಿಗೆರೆ ಬಸ್ಸಿನಲ್ಲಿ ತಿಪ್ಪ, ಆಸ್ಪತ್ರೆಯಲ್ಲಿ "ಲೇ ತಿಪ್ಪ". ಈ ಹೆಸರು ಕೇಳಿ ನಗದೆ, ಅದರ ಹಿಂದೆ ಒಂದು "ಅವರೇ" ಸೇರಿಸಿ ಕರೆದವರು ಇದುವರೆಗೆ ಒಬ್ಬರೇ. ಅವರು ಹೋದ ಆಷಾಢದಲ್ಲಿ ತೀರಿಕೊಂಡರು.

ದೇವನಹಳ್ಳಿಯ ಆಸ್ಪತ್ರೆಯಲ್ಲಿ ನಾನು ಹೊರರೋಗಿಗಳಿಗೆ ಚೀಟಿ ಬರೆಯುವ ಗುಮಾಸ್ತ. ಅದು ಸಂಬಳದ ಕೆಲಸ. ಸಂಬಳವಿಲ್ಲದೆ ಮನಸಾರೆ ಮಾಡುವ ಕೆಲಸ ಅಣಕು. ನಮ್ಮ ದೊಡ್ಡ ಡಾಕ್ಟರು ಸೀನುವುದು, ಕಾಂಪೌಂಡರು ಮಿಕ್ಸ್ಚರ್ ಬಾಟಲಿ ಅಲ್ಲಾಡಿಸುತ್ತಾ ತಾನೂ ಅಲ್ಲಾಡುವುದು, ಸೂಜಿ ಕಂಡ ರೈತರು "ಈಗ ವಾಸಿ ಆಯ್ತು ಬುಡಿ" ಎಂದು ಏಳುವುದು, ಎಲ್ಲವೂ ನನ್ನ ಹತ್ತಿರ ಸ್ಟಾಕಿನಲ್ಲಿ ಇರುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ದೊಡ್ಡ ಡಾಕ್ಟರ ಸೀನನ್ನು ಮೂರನೇ ಘಟ್ಟಕ್ಕೆ ಏರಿಸುತ್ತಿದ್ದೆ. ಕ್ಯೂನಲ್ಲಿದ್ದವರು ಏಕಾಏಕಿ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ವಾಯಿಲ್ ಸೀರೆ, ದಪ್ಪ ಕನ್ನಡಕ, ಕಂಕುಳಲ್ಲಿ ಜಮಖಾನದಂತೆ ಸುತ್ತಿದ ಕಾಗದದ ಸುರುಳಿ.

"ಸೀನಿದ ಮೇಲೆ ಅವರು ಎಡಗೈಯಲ್ಲಿ ಮೂಗು ಒರೆಸ್ಕೋತಾರೆ. ನೀವು ಬಲಗೈ ತಂದ್ರಿ," ಎಂದರು.

ನನ್ನ ಅಣಕನ್ನು ಅಲ್ಲಿಯವರೆಗೆ ಯಾರೂ ತಿದ್ದಿರಲಿಲ್ಲ.

ಅವರು ಬೆಂಗಳೂರಿನ ಮಕ್ಕಳ ಡಾಕ್ಟರು. ಹುಟ್ಟುವಾಗಲೇ ಮಗು ತಂದೆತಾಯಿಯ ರಕ್ತದಿಂದ ಹೊತ್ತು ತರುವ ಕಾಯಿಲೆಗಳ ಬಗ್ಗೆ ಓದಿದವರು. ಆ ಕಾಲಕ್ಕೆ ಅಂಥದ್ದೊಂದು ಓದು ಇದೆಯೆಂದು ದೊಡ್ಡ ಡಾಕ್ಟರಿಗೇ ಅಷ್ಟಾಗಿ ಗೊತ್ತಿರಲಿಲ್ಲ. "ಹಂಗಾದ್ರೆ ಜಾತಕದ ಡಾಕ್ಟ್ರು ಅನ್ನಿ," ಎಂದು ದೊಡ್ಡ ಡಾಕ್ಟರು ಅವರ ಬೆನ್ನ ಹಿಂದೆ ಹೇಳಿದ್ದನ್ನು ನಾನು ಊರಿಗೆಲ್ಲ ಹಂಚಿದೆ. ಡಾಕ್ಟರಮ್ಮ ಓದಿದ್ದು ಮೈಸೂರಿನಲ್ಲಿ ಡಾಕ್ಟರಿಕೆ, ಮದರಾಸಿನಲ್ಲಿ ಮಕ್ಕಳ ವೈದ್ಯ, ಆಮೇಲೆ ಹಡಗು ಹತ್ತಿ ಚಳಿಯ ದೇಶವೊಂದರಲ್ಲಿ ನಾಲ್ಕು ವರ್ಷ. ಅಲ್ಲಿ ಏನು ಕಲಿತಿರಿ ಎಂದು ಒಮ್ಮೆ ಕೇಳಿದ್ದೆ.

"ಮೊದಲ ವರ್ಷ ಕತ್ತರಿ ಹಿಡಿಯೋದು," ಎಂದರು. ಒಂದು ಹನಿ ರಕ್ತದ ಕಣವನ್ನು ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಅದರೊಳಗಿನ ನಲವತ್ತಾರು ಎಳೆಗಳನ್ನು ಒಂದೊಂದಾಗಿ ಕತ್ತರಿಸಿ, ಜೋಡಿ ಹುಡುಕಿ ಅಂಟಿಸಬೇಕಂತೆ. "ಬೆಳಿಗ್ಗೆಯಿಂದ ಸಂಜೆವರೆಗೆ ಕತ್ತರಿ, ಗೋಂದು. ನಮ್ಮಮ್ಮನಿಗೆ ಕಾಗದ ಬರೆದೆ. ಅವರು, ಇದಕ್ಕೆ ಅಷ್ಟು ದೂರ ಯಾಕೆ ಹೋದೆ, ನಮ್ಮ ಬೀದಿ ದರ್ಜಿ ಹತ್ರಾನೇ ಕಲೀಬಹುದಿತ್ತು ಅಂತ ಬರೆದರು."

"ಆಮೇಲಿನ ಮೂರು ವರ್ಷ?"

"ಸುಮ್ಮನಿರೋದು. ಮಗುವಿನ ಮನೆಯವರು ಮಾತಾಡೋವರೆಗೂ ಸುಮ್ಮನಿರೋದು. ಅದು ಕತ್ತರಿಗಿಂತ ಕಷ್ಟ ತಿಪ್ಪಯ್ಯನವರೇ. ನಿಮಗಂತೂ ಆಗಲ್ಲ."

ಪ್ರತಿ ಗುರುವಾರ ಜೀಪಿನಲ್ಲಿ ಬರುತ್ತಿದ್ದರು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಸುತ್ತಲಿನ ಹಳ್ಳಿಗಳು. ಹಳ್ಳಿಗಳಲ್ಲಿ ಬರೆದುಕೊಳ್ಳಲು ನಾನು. ಅವರ ಸುರುಳಿಯ ಮೇಲೆ ಒಂದೊಂದು ಮನೆಯ ವಂಶಾವಳಿ. ಗಂಡಸಿಗೆ ಒಂದು ಚೌಕ, ಹೆಂಗಸಿಗೆ ಒಂದು ಸೊನ್ನೆ. ಮದುವೆಯಾದರೆ ನಡುವೆ ಗೆರೆ. ರಕ್ತಸಂಬಂಧದಲ್ಲೇ ಮದುವೆಯಾದರೆ ಜೋಡಿ ಗೆರೆ. ಕಾಯಿಲೆ ಇದ್ದರೆ ಒಳಗೆ ಮಸಿ, ಸತ್ತಿದ್ದರೆ ಅಡ್ಡ ಒಂದು ಗೀಟು. ನಮ್ಮ ಕಡೆ ಅಕ್ಕನ ಮಗಳನ್ನು ಬಿಟ್ಟು ಬೇರೆ ಹೆಣ್ಣು ತಂದರೆ ಅಕ್ಕ ಹತ್ತು ವರ್ಷ ಮಾತು ಬಿಡುತ್ತಾಳೆ. ಜೋಡಿ ಗೆರೆ ಎಳೆದೆಳೆದು ನನ್ನ ಪೆನ್ಸಿಲು ಸವೆದುಹೋಗುತ್ತಿತ್ತು.

ಮೊದಮೊದಲು ಜೀಪು ಕಂಡರೆ ಗಂಡಸರೆಲ್ಲ ಹಿಪ್ಪುನೇರಳೆ ತೋಟಕ್ಕೆ ಓಡುತ್ತಿದ್ದರು. ಕುಟುಂಬ ಯೋಜನೆಯ ಕೆಂಪು ತ್ರಿಕೋನದವರು ಆಪರೇಷನ್ನಿಗೆ ಹಿಡಿಯಲು ಬಂದರು ಅಂತ. "ತ್ರಿಕೋನ ಅಲ್ರಪ್ಪೋ, ಬರೀ ಚೌಕ, ಸೊನ್ನೆ!" ಎಂದು ನಾನು ಬದುವಿನ ಮೇಲೆ ನಿಂತು ಕೂಗಬೇಕಿತ್ತು. ಡಾಕ್ಟರಮ್ಮ ಕಾಯಿಲೆಯ ಗುರುತು ಹುಡುಕಲು ಮಕ್ಕಳ ಅಂಗೈ ಬಿಡಿಸಿ ಗೆರೆ ನೋಡುತ್ತಾರೆಂದು ತಿಳಿದ ಮೇಲೆ ಅದೇ ಗಂಡಸರು ಸಾಲುಗಟ್ಟಿದರು. ಒಬ್ಬ ಮುದುಕ ಎರಡೂ ಕೈ ಚಾಚಿ, "ನಂದೂ ವಸಿ ನೋಡವ್ವ, ಬಾವೀಲಿ ನೀರು ಬಿದ್ದದಾ?" ಎಂದ. ಅವರು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಇನ್ನೂ ಎರಡಾಳು ತೋಡಿ," ಎಂದರು. ಜೀಪು ಊರು ದಾಟಿದ ಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಮುದುಕನ ಬಾವಿಯಲ್ಲಿ ನೀರು ಬಿದ್ದದ್ದು ಬೇರೆ ಮಾತು.

ರೇಷ್ಮೆ ಸಾಕುವ ಮನೆಯೊಂದರಲ್ಲಿ ಅವರು ಯಜಮಾನನನ್ನು ಕೇಳಿದರು. "ನಿಮ್ಮ ಗೂಡಿನಿಂದಲೇ ಮುಂದಿನ ಬೆಳೆಗೆ ಮೊಟ್ಟೆ ಮಾಡಿಸ್ಕೋತೀರಾ?"

"ಎಲ್ಲಾರ ಉಂಟಾ ತಾಯಿ! ಹುಳ ಕೆಟ್ಟೋಯ್ತವೆ. ಮೊಟ್ಟೆ ಹೊರಗಿಂದ್ಲೇ ತರಬೇಕು."

"ಹುಳಕ್ಕೆ ಅಷ್ಟು ನೋಡ್ತೀರಿ. ಮನೆ ಮಕ್ಕಳಿಗೆ?"

ಯಜಮಾನ ಎಲೆಅಡಿಕೆ ಉಗಿದು ಬಂದು ಹೇಳಿದ, "ಹುಳಕ್ಕೆ ಜಮೀನಿಲ್ಲ ಕಣವ್ವ. ನಮಗದೆ."

ಡಾಕ್ಟರಮ್ಮ ಆ ಮಾತನ್ನು ಸುರುಳಿಯ ಅಂಚಿನಲ್ಲಿ ಬರೆದುಕೊಂಡರು. "ನಾಲ್ಕು ವರ್ಷ ಓದಿದ್ದಕ್ಕೆ ಇವರು ಒಂದೇ ಮಾತಲ್ಲಿ ಉತ್ತರ ಕೊಟ್ಟುಬಿಟ್ರು," ಎಂದರು.

ಅವರ ನಿಜವಾದ ಕೆಲಸ ಹೆಂಗಸರ ಹತ್ತಿರ. ಎಷ್ಟು ಮಕ್ಕಳು ಎಂದು ಅವರು ಎಂದೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ನಮ್ಮವರು ಬದುಕಿರುವವರ ಲೆಕ್ಕ ಮಾತ್ರ ಹೇಳುತ್ತಾರೆ. "ಎಷ್ಟು ಹೆತ್ತಿರಿ?" ಎಂದು ಕೇಳುತ್ತಿದ್ದರು. ಆಗ ಲೆಕ್ಕ ಬೇರೆ. ಹೇಳುತ್ತಾ ನಿಂತುಬಿಟ್ಟರೆ "ಹೂಂ, ಆಮೇಲೆ?" ಎಂದು ಮೆಲ್ಲಗೆ ಅನ್ನುತ್ತಿದ್ದರು. ಆ "ಹೂಂ" ಸ್ವಲ್ಪ ಮೇಲೆ ಹೋಗಿ, "ಆಮೇಲೆ" ಕೆಳಗಿಳಿಯುತ್ತಿತ್ತು, ಯಾರೋ ಬಾವಿಗೆ ಬಿಂದಿಗೆ ಇಳಿಬಿಟ್ಟ ಹಾಗೆ. ಎಷ್ಟೋ ಹೊತ್ತಿನ ಮೇಲೆ ನೀರು ಬರುತ್ತಿತ್ತು.

ಸತ್ತ ಎಳೆಗೂಸುಗಳಿಗೂ ಸುರುಳಿಯಲ್ಲಿ ಹೆಸರು ಬೇಕಿತ್ತು ಅವರಿಗೆ.

"ಹನ್ನೊಂದು ದಿನಾನೂ ಆಗಿರ್ನಿಲ್ಲ ತಾಯಿ, ಹೆಸರು ಎಲ್ಲಿಂದ ಇಡಾನ?" ಎಂದಳು ಒಂದು ಮನೆಯಾಕೆ.

"ಇಡದೇ ಇರ್ಲಿ. ಮನಸ್ಸಲ್ಲಿ ಏನಂತ ಕರೀತಿದ್ರಿ?"

ಆ ಹೆಂಗಸು ಗಂಡ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, "ರತ್ನ" ಎಂದಳು. ಹದಿನಾರು ವರ್ಷದ ಹಿಂದಿನ ಕೂಸು. ಡಾಕ್ಟರಮ್ಮ ಸೊನ್ನೆಯ ಕೆಳಗೆ ರತ್ನ ಎಂದು ಬರೆದು ಆಕೆಗೆ ತೋರಿಸಿದರು. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದಳು.

ಮೊದಲ ದಿನವೇ ಅವರು ನನ್ನ ಹೆಸರು ಕೇಳಿದ್ದರು. ಹೇಳಿದೆ. ಎಲ್ಲರಂತೆ ನಗುತ್ತಾರೆಂದು ಕಾದೆ. ಅವರು ಕೇಳಿದ್ದು ಇಷ್ಟು. "ನಿಮಗಿಂತ ಮುಂಚೆ ಎಷ್ಟು ಹೋದವು?"

"ಏನು ಮೇಡಂ?"

"ಮುಂಚೆ ಹುಟ್ಟಿದ ಮಕ್ಕಳು ಉಳೀದೇ ಹೋದ್ರೆ, ಆಮೇಲಿನದನ್ನ ತಿಪ್ಪೆ ಮೇಲೆ ಮಲಗಿಸಿ ಎತ್ಕೋತಾರೆ. ಕಸ ಅಂದ್ಕೊಂಡು ಸಾವು ಬಿಟ್ಟು ಹೋಗ್ಲಿ ಅಂತ. ಈ ತಾಲ್ಲೂಕಲ್ಲಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರು ಕೇಳಿದ್ರೆ ನಾನು ಆ ಮನೆಗೆ ಮೊದಲು ಹೋಗ್ತೀನಿ."

ಇಪ್ಪತ್ತೆರಡು ವರ್ಷ ನಾನು ಆ ಹೆಸರು ಹೊತ್ತು ಜನರನ್ನು ನಗಿಸಿದ್ದೆ. ಅದು ಸಾವಿಗೆ ಅಡ್ಡ ಕಟ್ಟಿದ ಬೇಲಿ ಎಂದು ಹೊಳೆದಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ನಾನೇ ಮೊದಲನೇ ಅವತಾರ ಮೇಡಂ," ಎಂದೆ. ಅವರು ಒಂದು ಹಾಳೆಯಲ್ಲಿ ನನಗೊಂದು ಚೌಕ ಹಾಕಿ, ಅದರ ಎಡಕ್ಕೆ ಪೆನ್ಸಿಲಿನಿಂದ ಪ್ರಶ್ನೆ ಗುರುತು ಬರೆದರು. "ಅಮ್ಮನ್ನ ಕೇಳಿಕೊಂಡು ಬನ್ನಿ, ತಿಪ್ಪಯ್ಯನವರೇ."

ಕೇಳಲಿಲ್ಲ. ಮರೆತೆ ಅನ್ನಲಾರೆ. ಎರಡು ಸಲ ಅಮ್ಮನ ಮುಂದೆ ಕೂತೆ. ಡಾಕ್ಟರಮ್ಮನ ಅಣಕು ಮಾಡಿ, ಕನ್ನಡಕದ ಕಡ್ಡಿ ಕಚ್ಚಿ, "ಎಷ್ಟು ಹೆತ್ತಿರಿ? ಹೂಂ, ಆಮೇಲೆ?" ಎಂದೆ. ಅಮ್ಮ ನಕ್ಕಳು. "ಎಲ್ಡು ಕಣ್ಲಾ. ಒಂದು ಹೆಣ್ಣು, ಒಂದು ಕೋತಿ," ಎಂದಳು. ನಕ್ಕ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋದಳು. ಅಷ್ಟಕ್ಕೇ ಬಿಟ್ಟೆ. ನನ್ನ ಹಿಂದೆ ಹುಟ್ಟಿದ ತಂಗಿ ಗೌರಿ, ನಾನು, ಅಮ್ಮ. ನಗುತ್ತಿದ್ದ ಮನೆಯಲ್ಲಿ ಅದನ್ನು ಕೆದಕಲು ನನಗೆ ಧೈರ್ಯ ಬರಲಿಲ್ಲ.

ಎರಡು ವರ್ಷದ ಮೇಲೆ ಗೌರಿಯ ಮದುವೆ. ಗಂಡು ನಮ್ಮಮ್ಮನ ಕಿರಿಯ ತಮ್ಮ, ನಮ್ಮ ಸೋದರಮಾವ. ಗೌರಿ ಹುಟ್ಟಿದ ದಿನವೇ ನಿಶ್ಚಯವಾಗಿದ್ದ ಮದುವೆ. ಮಾವ ಒಳ್ಳೆಯವನು. ಅವಳಿಗೆಂದು ದೇವನಹಳ್ಳಿಯ ಚಕ್ಕೋತ ತಂದು, ತೊಳೆ ಬಿಡಿಸಿ, ಬೀಜ ತೆಗೆದು ಕೊಡುವಂಥವನು. ಡಾಕ್ಟರಮ್ಮನನ್ನು ಕರೆದೆ, ಬಂದರು. ಧಾರೆಯ ಹೊತ್ತಿಗೆ ಗಂಡು ಯಾರೆಂದು ಅವರಿಗೆ ತಿಳಿಯಿತು. ಚಪ್ಪರದ ಕಂಬದ ಹತ್ತಿರ ನನ್ನನ್ನು ಕರೆದು ಕೇಳಿದರು.

"ಅಮ್ಮನ್ನ ಕೇಳಿದ್ರಾ?"

ವಾಲಗ ಜೋರಾಗಿತ್ತು. ನನ್ನ ತಲೆಯ ಮೇಲೆ ಮಾವನ ಕಡೆಯವರು ಕಟ್ಟಿದ ಪೇಟ ಇತ್ತು. "ಕೇಳಿದೆ ಮೇಡಂ. ಏನೂ ಇಲ್ವಂತೆ," ಎಂದೆ.

ಅವರ ಮುಖ ಹಗುರಾಯಿತು. ಚೀಲದಿಂದ ನನ್ನ ಹಾಳೆ ತೆಗೆದು, ಅಲ್ಲೇ ಕಂಬಕ್ಕೆ ಒತ್ತಿ ಹಿಡಿದು, ರಬ್ಬರಿನಿಂದ ಆ ಪ್ರಶ್ನೆ ಗುರುತನ್ನು ಅಳಿಸಿದರು. ಊಟಕ್ಕೆ ಕೂತಾಗ ಎರಡು ಸಲ ಪಾಯಸ ಹಾಕಿಸಿಕೊಂಡರು.

ಮುಂದಿನ ವರ್ಷ ಗೌರಿಗೆ ಗಂಡು ಮಗು. ಹುಟ್ಟಿದಾಗ ಅಳು ಎರಡು ಬೀದಿಗೆ ಕೇಳುವಂತಿತ್ತು. ನಾನು ಆ ಅಳುವನ್ನೂ ಅಣಕು ಮಾಡಿ ಬಾಣಂತಿಯನ್ನು ನಗಿಸಿದೆ. ಆರನೇ ದಿನ ಮಗು ಮೊಲೆ ಬಿಟ್ಟಿತು. ಕತ್ತು ಹಿಂದಕ್ಕೆ ಬಾಗಿತು. ಅಮ್ಮ ಬಟ್ಟೆ ಬದಲಿಸುತ್ತಾ ತನಗೆ ತಾನೇ ಹೇಳಿಕೊಂಡಳು.

"ದ್ಯಾವ್ರ ಕೂಸು. ಬೆಲ್ಲದ ಪಾಕ ಸೀದಂಗೆ ಘಮ್ಮಂತದೆ. ಅವೆಲ್ಡೂ ಹಿಂಗೇ ಅಂತಿದ್ದೋ."

"ಯಾವೆರಡಮ್ಮ?"

ಅಮ್ಮ ತಿರುಗಿ ನೋಡಲಿಲ್ಲ. "ನಿನ್ನ ಮುಂದ್ಲವು."

ನಾನು ಮೂರು ವರ್ಷದಿಂದ ನೂರಾರು ಮನೆಗಳಲ್ಲಿ ಬರೆದುಕೊಂಡ ಪ್ರಶ್ನೆಗಳಲ್ಲಿ ಒಂದು, ಮಗುವಿನ ಉಚ್ಚೆಗೆ ಸುಟ್ಟ ಬೆಲ್ಲದ ವಾಸನೆ ಇತ್ತೇ ಎಂಬುದು. ಯಾವ ಮನೆಯಲ್ಲೂ ಹೌದು ಎಂದು ಬರೆದಿರಲಿಲ್ಲ. ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದೆ. ಮದುವೆಯ ಪಾಯಸದ ವಾಸನೆ ಬಂತು.

ಟೊಮೇಟೊ ಲಾರಿ ಹತ್ತಿ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ಮಗುವಿನ ಕತ್ತಿನ ಹತ್ತಿರ ಮುಖವಿಟ್ಟು ಮೂಸಿದರು. ಒಂದು ಗಾಜಿನ ನಳಿಕೆಯಲ್ಲಿ ಅದರ ಉಚ್ಚೆಗೆ ಔಷಧದ ಹನಿ ಬಿಟ್ಟರು. ಒಡೆದ ಹಾಲಿನಂತೆ ಹಳದಿ ಮೋಡ ಎದ್ದಿತು. ಎಲ್ಲ ಮಕ್ಕಳನ್ನೂ ಬೆಳೆಸುವ ಹಾಲು ಈ ಕಾಯಿಲೆಯ ಮಗುವಿಗೆ ವಿಷವಾಗುತ್ತದೆ, ತಾಯಿಯದಾದರೂ ಅಷ್ಟೆ. ಅದಕ್ಕೆ ಬೇರೆಯದೇ ಒಂದು ಪುಡಿ ಬೇಕು, ಅದು ಆ ಚಳಿಯ ದೇಶದಲ್ಲಿತ್ತು. ಅವರು ತಂತಿ ಕೊಟ್ಟರು. ಸಕ್ಕರೆ ನೀರಿನ ಮೇಲೆ ಮಗುವನ್ನು ಹಿಡಿದಿಟ್ಟುಕೊಂಡು ಕಾದರು. ಮನೆಗೆ ಹೋಗಲಿಲ್ಲ. ಹದಿಮೂರನೇ ದಿನ ಬೆಳಿಗ್ಗೆ, ಗೌರಿ ಮುಖ ತೊಳೆಯಲು ಹೋಗಿದ್ದಾಗ, ಮಗು ಅವರ ತೊಡೆಯ ಮೇಲೆ ಹೋಯಿತು. ಪುಡಿ ಬಂದದ್ದು ತಿಂಗಳಾದ ಮೇಲೆ.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಹೇಳಿದೆ. "ನಾನು ಅಮ್ಮನ್ನ ಕೇಳಿರ್ಲಿಲ್ಲ ಮೇಡಂ. ಸುಳ್ಳು ಹೇಳ್ದೆ."

ಅವರು ಕನ್ನಡಕ ತೆಗೆದರು. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹೆತ್ತವರನ್ನ ಕೇಳ್ಬೇಕು ಅಂತ ಎಲ್ಲರಿಗೂ ಪಾಠ ಹೇಳೋಳು ನಾನು," ಎಂದರು. "ನಿಮ್ಮಮ್ಮ ಅಲ್ಲೇ ಚಪ್ಪರದ ಕೆಳಗೆ ತಾಂಬೂಲ ಕೊಡ್ತಾ ನಿಂತಿದ್ರು. ಹತ್ತು ಹೆಜ್ಜೆ. ನಾನು ನಿಮ್ಮನ್ನ ಕೇಳಿ ರಬ್ಬರ್ ತಗೊಂಡೆ."

ಕನ್ನಡಕ ಹಾಕಿಕೊಂಡು, "ಜನರನ್ನ ನಗಿಸೋದು ಬಿಡಬೇಡಿ. ಕೇಳಿಕೊಂಡು ಬಂದು ನಗಿಸಿ," ಎಂದರು.

ನಗಿಸುವುದನ್ನು ಬಿಡಲಿಲ್ಲ. ಅವರ ಅಣಕನ್ನು ಮಾತ್ರ ಅಂದಿನಿಂದ ಮಾಡಲಿಲ್ಲ.

ಮುಂದಿನ ಗುರುವಾರ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನನ್ನ ಹಾಳೆಯಲ್ಲಿ ನನ್ನ ಎಡಕ್ಕೆ, ಅಳಿಸಿದ ಜಾಗದಲ್ಲೇ, ಎರಡು ಚೌಕ ಬರೆದು ಮಸಿ ತುಂಬಿ ಗೀಟು ಹಾಕಿದರು. ಗೌರಿಯ ಜೋಡಿ ಗೆರೆಯ ಕೆಳಗೆ ಇನ್ನೊಂದು. ಅವರು ಹೆಸರು ಕೇಳುವ ಮೊದಲೇ ಗೌರಿ "ಚಂದ್ರ" ಎಂದಳು. ಅಮ್ಮನಿಂದ ಮಾತ್ರ ಹೆಸರು ಹೊರಡಲಿಲ್ಲ.

"ಬ್ಯಾಡ ತಾಯಿ. ಹೋದೋರ ಹೆಸರು ಹಿಡುದ್ರೆ ತಿರುಗಿ ನೋಡ್ತವೆ. ಇರೋವ್ರನ್ನ ಕರೀತವೆ."

"ಆಗ್ಲಿ. ಜಾಗ ಬಿಟ್ಟಿರ್ತೀನಿ," ಎಂದರು ಡಾಕ್ಟರಮ್ಮ.

ಮಾವ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದ. "ಮುಂದಿಂದೂ ಹಿಂಗೇ ಆದದಾ?" ಎಂದ.

ಅವರು ಅಮ್ಮನ ಹತ್ತಿರ ನಾಲ್ಕು ಹುಣಸೆಬೀಜ ಕೇಳಿ, ಒಂದನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ನಾಲ್ಕನ್ನೂ ಗೌರಿಯ ಮಡಿಲಿಗೆ ಹಾಕಿದರು. ಕಣ್ಣು ಮುಚ್ಚಿ ಒಂದು ತೆಗೆಯುವುದು. ಬಿಳಿಯದು ಬಂದರೆ ಚಂದ್ರನ ಹಾಗೆ.

ಮಾವ ಎಣಿಸಿ ಹೇಳಿದ, "ಬಿಳೇದು ಆಗ್ಲೇ ಬಂದೋಯ್ತಲ್ಲ. ಇನ್ನು ಮೂರೂ ಗಟ್ಟಿ."

ಎಲ್ಲ ಮನೆಯಲ್ಲೂ ಗಂಡಸರು ಇದೇ ಲೆಕ್ಕ ಹಾಕುತ್ತಿದ್ದರು. ಡಾಕ್ಟರಮ್ಮ ಬಿಳಿಯ ಬೀಜವನ್ನು ಹೆಕ್ಕಿ ಮತ್ತೆ ಮಡಿಲಿಗೇ ಹಾಕಿದರು. "ಪ್ರತಿ ಸಲವೂ ನಾಲ್ಕೂ ಒಳಗೇ ಇರುತ್ತೆ."

ಗೌರಿ ಆ ಬೀಜಗಳನ್ನು ಬಹಳ ಹೊತ್ತು ಮಡಿಲಲ್ಲೇ ಹಿಡಿದಿದ್ದಳು. "ನೀವಾಗಿದ್ರೆ ಏನು ಮಾಡ್ತಿದ್ರಿ?"

"ಗೊತ್ತಿಲ್ಲಮ್ಮ. ನೀನು ಏನು ಮಾಡಿದ್ರೂ ನಾನು ಜೊತೇಲಿರ್ತೀನಿ. ಮಗು ಅಂತ ಆದ್ರೆ, ಹುಟ್ಟಿದ ದಿನದಿಂದ ಹತ್ತು ದಿನ ನಾನೇ ಬಂದು ಮೂಸ್ತೀನಿ. ಈ ಸಲ ಪುಡಿ ನನ್ನ ಕಪಾಟಲ್ಲೇ ಇರುತ್ತೆ."

ಗೌರಿ ಎರಡು ವರ್ಷ ಯೋಚಿಸಿದಳು. ಆಮೇಲೆ ಬಸುರಿಯಾದಳು. ಆ ಹೊತ್ತಿಗೆ ಡಾಕ್ಟರಮ್ಮ ಜೀಪಿನಿಂದ ಇಳಿಯುವಾಗ ನನ್ನ ಭುಜ ಹಿಡಿಯುತ್ತಿದ್ದರು. ಸೀರೆಯ ನೆರಿಗೆ ದಪ್ಪವಾಗುತ್ತಾ ಬಂದಿತ್ತು, ಒಳಗಿನ ಮನುಷ್ಯ ಕರಗುತ್ತಿದ್ದುದರಿಂದ. ಏನು ಮೇಡಂ ಎಂದರೆ, "ನನ್ನದು ಅಪ್ಪ ಅಮ್ಮನಿಂದ ಬಂದದ್ದಲ್ಲ, ನಾನೇ ಸಂಪಾದಿಸಿದ್ದು," ಎಂದು ನಗುತ್ತಿದ್ದರು. ಕೊನೆಯ ಗುರುವಾರ ಪುಡಿಯ ಡಬ್ಬಿ, ಔಷಧದ ಕಂದು ಬಾಟಲಿ, ನಮ್ಮ ಹಾಳೆ, ಮೂರನ್ನೂ ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ಮ ಹತ್ರ ಇರ್ಲಿ. ಹನಿ ಬಿಟ್ಟ ಮೇಲೆ ಹತ್ತು ನಿಮಿಷ ಕಾಯಬೇಕು. ಕಾಯೋದು ನಿಮಗೆ ಬರಲ್ಲ, ಅದಕ್ಕೇ ಹೇಳ್ತಿದೀನಿ." ನನಗೆ ಆಗಲೂ ಅರ್ಥವಾಗಲಿಲ್ಲ. ಮೂರು ವಾರದಲ್ಲಿ ಸುದ್ದಿ ಬಂತು.

ಶ್ರಾವಣದಲ್ಲಿ ಗೌರಿಗೆ ಹೆಣ್ಣು ಮಗು. ಅಮ್ಮ ಮೊರ ತಂದಳು. "ತಿಪ್ಪೆಗೆ ಬ್ಯಾಡ," ಎಂದಳು ಗೌರಿ. ಹತ್ತು ಬೆಳಿಗ್ಗೆ ನಾನು ಮಗುವಿನ ಕತ್ತಿನಲ್ಲಿ ಮುಖವಿಟ್ಟು ಮೂಸಿದೆ. ಹರಳೆಣ್ಣೆ, ಬಾಣಂತಿ ಹೊಗೆ, ಹಾಲು. ಹತ್ತು ಬೆಳಿಗ್ಗೆ ನಳಿಕೆಯನ್ನು ಬೆಳಕಿಗೆ ಹಿಡಿದು ಕೂತೆ. ಬಾಗಿಲಲ್ಲಿ ಮಾವ, ಅಮ್ಮ. ಹತ್ತನೇ ದಿನವೂ ನಳಿಕೆ ತಿಳಿಯಾಗೇ ಇತ್ತು. ಗೌರಿ ಅತ್ತಳು. ನಾನು ಬಾಟಲಿಗೆ ಬಿರಡೆ ಹಾಕಿ ಎದ್ದೆ. ಹೇಳಬೇಕಿತ್ತು ಯಾರಿಗೋ, ಓಡಿಹೋಗಿ. ಗುರುವಾರವೂ ಆಗಿತ್ತು. ಬೀದಿಯ ತುದಿಯವರೆಗೆ ಹೋಗಿ ವಾಪಸು ಬಂದೆ.

ಹೋದ ವಾರ ರೇಷನ್ ಕಾರ್ಡಿಗೆ ಹೆಸರು ಬರೆಯುವವನು ಬಂದ. ಅಮ್ಮ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

"ಮಕ್ಕಳೆಷ್ಟಮ್ಮ ನಿಂಗೆ?"

"ನಾಕು."

ಅವನು ನನ್ನ ಕಡೆ ನೋಡಿ ಕಣ್ಣು ಹೊಡೆದ. "ಏನ್ ಗುರು, ಅಮ್ಮ ಎಲ್ಡು ಯೂನಿಟ್ ಜಾಸ್ತಿ ಹೊಡೀತವ್ಳೆ! ಎಲ್ಲವ್ರೆ ಇನ್ನಿಬ್ರು?"

"ಅವ್ಕೆ ಅಕ್ಕಿ ಬ್ಯಾಡ ಕಣಪ್ಪ," ಎಂದಳು ಅಮ್ಮ. "ಹೆಸರು ಬರ್ಕೋ ಸಾಕು."

ಅವನು ನಕ್ಕು, ಎರಡು ಎಂದು ಬರೆದುಕೊಂಡು ಹೋದ.

ನಾನು ಒಳಗಿನಿಂದ ಹಾಳೆ ತಂದು ಅಮ್ಮನ ಮುಂದೆ ಹಾಸಿದೆ. ಎರಡು ಕಪ್ಪು ಚೌಕ. ಕೆಳಗೆ ಬಿಟ್ಟ ಜಾಗ. ಬೆಳಕಿಗೆ ಓರೆಯಾಗಿ ಹಿಡಿದರೆ ಅವುಗಳ ಹಿಂದೆ ರಬ್ಬರಿಗೆ ಬಗ್ಗದೆ ಉಳಿದ ಪ್ರಶ್ನೆ ಗುರುತಿನ ಕುಳಿ ಇನ್ನೂ ಕಾಣುತ್ತದೆ. ಪೆನ್ನಿನ ಮುಚ್ಚಳ ತೆಗೆದು ಕೂತೆ.

"ದೊಡ್ಡೋನು ಸಿದ್ದ," ಎಂದಳು ಅಮ್ಮ. ಬರೆದೆ.

ಅಲ್ಲಿಗೆ ನಿಂತಿತು. ಎಣ್ಣೆಯ ಕೈ ಮಗುವಿನ ಬೆನ್ನ ಮೇಲೆ ಸುಮ್ಮನಾಯಿತು. ನನ್ನ ನಾಲಿಗೆಯ ತುದಿಗೆ ಎಂಟು ನಗೆಮಾತು ಬಂದವು. ಒಂದನ್ನೂ ಬಿಡಲಿಲ್ಲ. ಕಾದೆ. ಕೊನೆಗೆ ಬಾಯಿ ತೆರೆದರೆ, ನಾಲ್ಕು ವರ್ಷದಿಂದ ನಾನು ಆಡದಿದ್ದ ದನಿ ಹೊರಟಿತು, ಮೇಲೆ ಹೋಗಿ ಕೆಳಗಿಳಿಯುವ ದನಿ.

"ಹೂಂ, ಆಮೇಲೆ?"

ಅಮ್ಮ ತಲೆ ಎತ್ತಿ ಬಾಗಿಲ ಕಡೆ ನೋಡಿದಳು, ನನ್ನ ಕಡೆಯಲ್ಲ.

"ಚಿಕ್ಕೋನು ಮಾದೇವ, ತಾಯಿ," ಎಂದಳು.